ಕಡಲಕಳೆಯಿಂದ ಮುಖದ ಜೆಲ್‌ವರೆಗೆ: ಕಪ್ಪಾ ಕ್ಯಾರಗೀನನ್ ತೆಗೆಯುವ ಮತ್ತು ಬಳಸುವ ಸಮಗ್ರ ಮಾರ್ಗದರ್ಶಿ

ಮುಖಕ್ಕೆ ಹಚ್ಚುವ ಜೆಲ್, ಮಾಸ್ಕ್ ಮತ್ತು ಲೋಷನ್‌ಗಳ ಹಿಂಬದಿಯಲ್ಲಿ ಅಚ್ಚಾಗಿರುವ ಪಟ್ಟಿಯನ್ನು ಓದುವ ಅಭ್ಯಾಸವಿದ್ದವರಿಗೆ ಅಗರ್, ಸೋಡಿಯಂ ಆಲ್ಜಿನೇಟ್, ಕ್ಯಾರಗೀನನ್ ಎಂಬ ಹೆಸರುಗಳು ಹೊಸವಲ್ಲ. ಮೂರೂ ಕಡಲಕಳೆಯ ಜೀವಕೋಶಗಳ ಗೋಡೆಯಲ್ಲಿರುವ ವಸ್ತುಗಳು, ಮೂರೂ ನೀರನ್ನು ಹಿಡಿದಿಟ್ಟು ಗಟ್ಟಿಯಾಗಿಸುತ್ತವೆ. ಆದರೆ ಹಿಡಿಯುವ ರೀತಿ ಬೇರೆ ಬೇರೆ. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಅಗರ್, ಕುದಿಸಿ ಆರಿಸಿದರೆ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಯಾವ ಲವಣದ ನೆರವೂ ಬೇಡ. ಕಂದು ಕಡಲಕಳೆಯಿಂದ ಬರುವ ಆಲ್ಜಿನೇಟ್‌ಗೆ ಕ್ಯಾಲ್ಸಿಯಂ ಬೇಕು. ಕೆಂಪು ಕಡಲಕಳೆಯಿಂದ ಬರುವ ಕಪ್ಪಾ ಕ್ಯಾರಗೀನನ್‌ಗೆ ಬಿಸಿಯ ಜೊತೆಗೆ ಪೊಟ್ಯಾಸಿಯಂ ಬೇಕು. ಈ ಬರಹ ಕ್ಯಾರಗೀನನ್‌ನ ಬಗೆಗಳಲ್ಲಿ ಒಂದಾದ ಕಪ್ಪಾ ಕ್ಯಾರಗೀನನ್ ಕುರಿತದ್ದು. ಇದರ ಪ್ರತಿಯೊಂದು ಹಂತದಲ್ಲೂ, ಕಳೆಯನ್ನು ತೊಳೆಯುವಲ್ಲಿಂದ ಹಿಡಿದು ಡಬ್ಬಿಗೆ ತುಂಬುವವರೆಗೆ, ಪೊಟ್ಯಾಸಿಯಂ ಎಲ್ಲಿ ಎಷ್ಟಿದೆ ಎಂಬ ಲೆಕ್ಕವೇ ಕೆಲಸವನ್ನು ನಡೆಸುತ್ತದೆ. ಆ ಲೆಕ್ಕ ತಪ್ಪಿದರೆ ದುಬಾರಿ ಯಂತ್ರವಿದ್ದರೂ ಜೆಲ್ ಒಡೆಯುತ್ತದೆ ಅಥವಾ ನೀರು ಬಿಡುತ್ತದೆ.

ಕಚ್ಚಾ ಮಾಲು

ಕಪ್ಪಾ ಕ್ಯಾರಗೀನನ್‌ನ ಮುಖ್ಯ ಮೂಲ ಕಪ್ಪಾಫೈಕಸ್ ಆಲ್ವರೆಜಿ ಎಂಬ ಕೆಂಪು ಕಡಲಕಳೆ. ವ್ಯಾಪಾರದಲ್ಲಿ ಇದಕ್ಕೆ ಕಾಟೋನಿ ಎಂಬ ಹೆಸರೂ ಇದೆ. ಭಾರತದಲ್ಲಿ ಇದನ್ನು ಬೆಳೆಯುವ ವಿಧಾನವನ್ನು ರೂಢಿಸಿದ್ದು ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಮಂಡಪಂನಲ್ಲಿ ಅದರ ಕೇಂದ್ರವಿದೆ. ಅಲ್ಲಿಯ ಪಾಕ್ ಕೊಲ್ಲಿಯ ಕರಾವಳಿಯಲ್ಲಿ ಮೀನುಗಾರ ಕುಟುಂಬಗಳು, ಅದರಲ್ಲೂ ಮಹಿಳೆಯರ ಸ್ವಸಹಾಯ ಗುಂಪುಗಳು, ಬಿದಿರಿನ ತೆಪ್ಪಗಳಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಕಳೆಯ ತುಂಡುಗಳನ್ನು ಬಿಗಿದು, ಸುಮಾರು 45 ದಿನಗಳಿಗೊಮ್ಮೆ ಕೊಯ್ಲು ಮಾಡುತ್ತಾರೆ. ಇದು ಭಾರತದ ಕಡಲಿನ ಮೂಲ ನಿವಾಸಿಯಲ್ಲ. ಮನ್ನಾರ್ ಖಾರಿಯ ಕುರುಸಡೈ ದ್ವೀಪದ ಹವಳದ ಮೇಲೆ ಇದು ಹಬ್ಬಿರುವುದು 2008ರಲ್ಲಿ ವರದಿಯಾಯಿತು. ಆದ್ದರಿಂದ ಮಾಲು ಎಲ್ಲಿ ಬೆಳೆದದ್ದು ಎಂದು ಮಾರುವವರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಕಾರವಾರ, ಗೋಕರ್ಣದ ಕಡೆ ಬಂಡೆಗಳ ಮೇಲೆ ಬೆಳೆಯುವ ಮತ್ತು ದಡಕ್ಕೆ ಬಂದು ಬೀಳುವ ಕಂದು ಬಣ್ಣದ ಸರ್ಗಾಸಂ ಈ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಇರುವುದು ಆಲ್ಜಿನೇಟ್, ಕ್ಯಾರಗೀನನ್ ಅಲ್ಲ. ಜೊತೆಗೆ ಕಂದು ಕಳೆಗಳು ನೀರಿನ ಆರ್ಸೆನಿಕ್ ಅನ್ನು ಹೆಚ್ಚು ಹೀರಿಕೊಳ್ಳುವುದರಿಂದ, ದಡದಲ್ಲಿ ಪುಕ್ಕಟೆ ಸಿಕ್ಕಿತೆಂದು ಅದನ್ನು ಕುದಿಸಿ ಮುಖಕ್ಕೆ ಹಚ್ಚುವ ಪ್ರಯೋಗ ಬೇಡ.

ಒಣಗಿದ ಕಳೆಯನ್ನು ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಬೇಕು. ಚೆನ್ನಾಗಿ ಒಣಗಿದ ಕವಲು ಬಾಗುತ್ತದೆ, ರಬ್ಬರಿನಂತೆ ತುಸು ಎಳೆದುಕೊಳ್ಳುತ್ತದೆ. ಅದರ ಮೈಮೇಲೆ ಬಿಳಿಯ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ. ಇದು ಬೂಸ್ಟು ಅಲ್ಲ, ಒಣಗುವಾಗ ಒಳಗಿನಿಂದ ಹೊರಬಂದ ಪೊಟ್ಯಾಸಿಯಂ ಕ್ಲೋರೈಡ್. ಬೂಸ್ಟಾದರೆ ಹತ್ತಿಯಂತೆ ಮೆತ್ತಗಿದ್ದು ಮುಗ್ಗಲು ವಾಸನೆ ಬರುತ್ತದೆ. ಹರಳಾದರೆ ಉಗುರಿನಿಂದ ಕೆರೆದಾಗ ಪುಡಿಯಾಗಿ ಉದುರುತ್ತದೆ. ಮರಳ ಮೇಲೆ ಒಣಗಿಸಿದ ಮಾಲಿನಲ್ಲಿ ಕವಲುಗಳ ಸಂದಿಯಲ್ಲಿ ಮರಳು ಸಿಕ್ಕಿಕೊಂಡಿರುತ್ತದೆ, ಅದು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಎತ್ತರದ ಅಟ್ಟಣಿಗೆ ಅಥವಾ ಬಲೆಯ ಮೇಲೆ ಒಣಗಿಸಿದ ಮಾಲಿಗೆ ಒಂದಿಷ್ಟು ಹೆಚ್ಚು ಹಣ ಕೊಡುವುದು ಲಾಭದ ವ್ಯವಹಾರವೇ.

ಬೇಕಾಗುವ ಸಲಕರಣೆ

500 ಗ್ರಾಂ ಒಣ ಕಳೆಯ ಒಂದು ಬ್ಯಾಚ್‌ಗೆ 20 ಲೀಟರ್ ಹಿಡಿಯುವ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ, ಥರ್ಮಾಮೀಟರ್, ಪಿಎಚ್ (ಆಮ್ಲ, ಕ್ಷಾರದ ಪ್ರಮಾಣ) ಅಳೆಯುವ ಮೀಟರ್ ಅಥವಾ ಪಟ್ಟಿ, ಒತ್ತಾಗಿ ನೇಯ್ದ ಹತ್ತಿ ಬಟ್ಟೆ, ಡೀಪ್ ಫ್ರೀಜರ್, 60 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲುವ ಡ್ರೈಯರ್ ಮತ್ತು 0.01 ಗ್ರಾಂವರೆಗೆ ತೂಗುವ ತಕ್ಕಡಿ ಸಾಕು. ಅಲ್ಯೂಮಿನಿಯಂ ಪಾತ್ರೆ ಸರ್ವಥಾ ಕೂಡದು. ಕ್ಷಾರವು ಅದನ್ನು ತಿಂದುಹಾಕಿ ಬೆಂಕಿ ಹತ್ತುವ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಪೊಟ್ಯಾಶ್, ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ, ಗಾಳಿಯಾಡುವ ಜಾಗ ಇವು ಇಲ್ಲದೆ ಅದರ ಚೀಲವನ್ನು ಬಿಚ್ಚಬಾರದು. ನೀರಿಗೆ ಪೊಟ್ಯಾಶನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಪೊಟ್ಯಾಶಿನ ಮೇಲೆ ನೀರು ಸುರಿಯಬಾರದು.

ಹಂತ 1: ತೊಳೆಯುವುದು

ಕಳೆಯನ್ನು ತಣ್ಣೀರಿನಲ್ಲಿ ಕೈಯಿಂದ ಉಜ್ಜಿ, ಮರಳು, ಚಿಪ್ಪು, ಹಗ್ಗದ ಎಳೆ, ಬೇರೆ ಜಾತಿಯ ಪಾಚಿ ಎಲ್ಲವನ್ನೂ ಆರಿಸಿ ತೆಗೆಯಿರಿ. ಎರಡು ಮೂರು ನೀರು ಬದಲಾಯಿಸಿದರೆ ಸಾಕು. ರಾತ್ರಿಯಿಡೀ ನೆನೆಹಾಕಬೇಡಿ, ನಮ್ಮ ಹವೆಯಲ್ಲಿ ಅಷ್ಟು ಹೊತ್ತಿಗೆ ಕೊಳೆಯಲು ಆರಂಭವಾಗಿ ಮೀನಿನ ವಾಸನೆ ಗಟ್ಟಿಯಾಗುತ್ತದೆ, ಆ ವಾಸನೆ ಮುಂದೆ ಯಾವ ಹಂತದಲ್ಲೂ ಸಂಪೂರ್ಣ ಬಿಡುವುದಿಲ್ಲ.

ಹಂತ 2: ಕ್ಷಾರದಲ್ಲಿ ಬೇಯಿಸುವುದು

ಇಡೀ ಪ್ರಕ್ರಿಯೆಯ ಹೃದಯ ಇದು. ಹಸಿ ಕಳೆಯಲ್ಲಿರುವ ಕ್ಯಾರಗೀನನ್ ಸರಪಳಿಯಲ್ಲಿ ಅಲ್ಲಲ್ಲಿ ಸಲ್ಫೇಟ್ ಗುಂಪುಗಳು ಸರಪಳಿಯನ್ನು ಕೊಂಕಿಸುವ ಜಾಗದಲ್ಲಿ ಕುಳಿತಿರುತ್ತವೆ. ಬಿಸಿ ಕ್ಷಾರ ಅವನ್ನು ಕಳಚಿ, ಆ ಸಕ್ಕರೆ ಘಟಕವನ್ನು ಅನ್‌ಹೈಡ್ರೊಗ್ಯಾಲಕ್ಟೋಸ್ ಆಗಿ ಮಾರ್ಪಡಿಸುತ್ತದೆ. ಕೊಂಕು ಹೋದ ಸರಪಳಿಗಳು ಒಂದನ್ನೊಂದು ಸುತ್ತಿಕೊಂಡು ಜೋಡಿಯಾಗಬಲ್ಲವು, ಜೆಲ್‌ನ ಗಟ್ಟಿತನ ಬರುವುದು ಆ ಜೋಡಿಗಳಿಂದ.

280 ಗ್ರಾಂ ಕಾಸ್ಟಿಕ್ ಪೊಟ್ಯಾಶನ್ನು ನೀರಿನಲ್ಲಿ ಕರಗಿಸಿ ಒಟ್ಟು 4 ಲೀಟರ್ ದ್ರಾವಣ ಮಾಡಿಕೊಳ್ಳಿ; ಇದು ಸುಮಾರು 7 ಶೇಕಡಾ ಆಗುತ್ತದೆ. ಅದನ್ನು 75ರಿಂದ 80 ಡಿಗ್ರಿಗೆ ಕಾಯಿಸಿ, ತೊಳೆದ ಕಳೆಯನ್ನು ಮುಳುಗಿಸಿ, ಅದೇ ಬಿಸಿಯಲ್ಲಿ 2 ಗಂಟೆ ಇಟ್ಟು ಆಗಾಗ ಸೌಟಿನಿಂದ ಕಲಕಿ. ಕಡಿಮೆ ಬೆಲೆಗೆ ಸಿಗುವ ಸೋಡಿಯಂ ಕಾಸ್ಟಿಕ್ ಏಕೆ ಬೇಡ ಎಂಬ ಪ್ರಶ್ನೆ ಸಹಜ. ಅದೂ ಸಲ್ಫೇಟನ್ನು ಕಳಚುತ್ತದೆ, ಆದರೆ ಪೊಟ್ಯಾಸಿಯಂ ಇಲ್ಲದ ಬಿಸಿ ನೀರಿನಲ್ಲಿ ಕ್ಯಾರಗೀನನ್ ಕರಗಿ ಕ್ಷಾರದೊಳಗೇ ಸೇರಿಬಿಡುತ್ತದೆ. ಕಾಸ್ಟಿಕ್ ಪೊಟ್ಯಾಶ್ ಬಳಸಿದರೆ ಕಳೆಯ ಒಳಗೇ ಅದು ಜೆಲ್ ಆಗಿ ನಿಂತುಕೊಳ್ಳುತ್ತದೆ. ಬಣ್ಣ, ಪ್ರೋಟೀನ್, ಕೊಬ್ಬು ಮತ್ತು ಇತರ ಲವಣಗಳು ಮಾತ್ರ ಹೊರಗೆ ಬರುತ್ತವೆ. ಕೊನೆಯಲ್ಲಿ ಕಳೆ ಹಳದಿ ಮಿಶ್ರಿತ ತೆಳು ಬಣ್ಣಕ್ಕೆ ತಿರುಗಿ, ಬೆರಳಿನಿಂದ ಒತ್ತಿದರೆ ಮೃದುವಾಗಿದ್ದರೂ ತನ್ನ ಆಕಾರವನ್ನು ಉಳಿಸಿಕೊಂಡಿರುತ್ತದೆ.

ಉಳಿದ ಕ್ಷಾರವನ್ನು ಸೋಸಿಟ್ಟು, ಕಡಿಮೆಯಾದಷ್ಟು ಪೊಟ್ಯಾಶ್ ಸೇರಿಸಿ ಮುಂದಿನ ಬ್ಯಾಚ್‌ಗೆ ಬಳಸಬಹುದು. ಹೊರಗೆ ಬಿಡಲೇಬೇಕಾದರೆ ದುರ್ಬಲ ಆಮ್ಲದಿಂದ ಪಿಎಚ್ 7ರ ಆಸುಪಾಸಿಗೆ ತಂದ ಮೇಲಷ್ಟೇ ಬಿಡಬೇಕು, ನೇರವಾಗಿ ಚರಂಡಿಗೆ ಸುರಿಯುವಂತಿಲ್ಲ.

ಈಗ ಕಳೆಯನ್ನು ತಣ್ಣೀರಿನಲ್ಲಿ ಪದೇ ಪದೇ ತೊಳೆಯಿರಿ. ತೊಳೆದ ನೀರಿನ ಪಿಎಚ್ 8 ಅಥವಾ 9ಕ್ಕೆ ಇಳಿದಾಗ ನಿಲ್ಲಿಸಿ. ಬೇಗ ಮುಗಿಯಲೆಂದು ಆಮ್ಲ ಹಾಕುವ ಅಡ್ಡದಾರಿ ಬೇಡ. ಮುಂದಿನ ಹಂತದಲ್ಲಿ ಕುದಿಸುವಾಗ ಆ ಆಮ್ಲದ ಶೇಷ ಸರಪಳಿಗಳನ್ನು ತುಂಡರಿಸುತ್ತದೆ, ಇಲ್ಲಿಯವರೆಗೆ ಗಳಿಸಿದ ಗಟ್ಟಿತನ ಅಲ್ಲಿಗೆ ನಷ್ಟವಾಗುತ್ತದೆ.

ಇಲ್ಲಿ ದಾರಿ ಎರಡಾಗುತ್ತದೆ. ಈ ಕಳೆಯನ್ನೇ ಕತ್ತರಿಸಿ, ಒಣಗಿಸಿ, ಪುಡಿ ಮಾಡಿದರೆ ಸಿಗುವುದು ಅರೆ ಶುದ್ಧ ಕ್ಯಾರಗೀನನ್. ಆಹಾರ ಉದ್ಯಮದಲ್ಲಿ ಇದಕ್ಕೆ ಇ 407ಎ ಎಂಬ ಸಂಖ್ಯೆ, ಪೂರ್ಣ ಶುದ್ಧವಾದದ್ದಕ್ಕೆ ಇ 407. ಅರೆ ಶುದ್ಧದಲ್ಲಿ ಕಳೆಯ ಸೆಲ್ಯುಲೋಸ್ ಹಾಗೆಯೇ ಉಳಿದಿರುವುದರಿಂದ ಅದರ ಜೆಲ್ ಮಬ್ಬಾಗಿರುತ್ತದೆ. ಮುಲ್ತಾನಿ ಮಿಟ್ಟಿಯ ಮಾಸ್ಕ್, ಸ್ಕ್ರಬ್, ಬಿಳಿ ಲೋಷನ್‌ಗಳಿಗೆ ಆ ಮಬ್ಬು ಲೆಕ್ಕಕ್ಕೇ ಬರುವುದಿಲ್ಲ. ಅಂಥವನ್ನು ಮಾತ್ರ ಮಾಡುವವರು ಇಲ್ಲಿಗೇ ನಿಲ್ಲಿಸಿ ಐದನೇ ಹಂತಕ್ಕೆ ಹೋಗುವುದು ಜಾಣತನ. ಮುಂದಿನ ಎರಡು ಹಂತಗಳ ಶ್ರಮ ಪಾರದರ್ಶಕ ಜೆಲ್ ಬೇಕೆನ್ನುವವರಿಗೆ ಮಾತ್ರ.

ಹಂತ 3: ಕುದಿಸಿ ತೆಗೆಯುವುದು, ಬಿಸಿಯಲ್ಲೇ ಸೋಸುವುದು

ತೊಳೆದ ಕಳೆಯನ್ನು ಸಣ್ಣಗೆ ಹೆಚ್ಚಿ, 15 ಲೀಟರ್ ನೀರಿಗೆ ಹಾಕಿ 90ರಿಂದ 95 ಡಿಗ್ರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಬೇಯಿಸಿ. ಇಲ್ಲಿ ಬಳಸುವ ನೀರಿನ ಬಗ್ಗೆ ಎಚ್ಚರ ಬೇಕು. ಕೋಲಾರ, ತುಮಕೂರು, ಚಿತ್ರದುರ್ಗದಂಥ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಅದು ಕ್ಯಾರಗೀನನ್ ಕರಗುವುದನ್ನು ತಡೆಹಿಡಿಯುತ್ತದೆ ಮತ್ತು ಕೊನೆಗೆ ಜೆಲ್ಲನ್ನು ಪೆಡಸು ಮಾಡುತ್ತದೆ. ತೊಳೆಯಲು ಆ ನೀರು ನಡೆಯುತ್ತದೆ, ಕುದಿಸಲು ಆರ್‌ಒ ನೀರು ಬೇಕು. ಪಿಎಚ್ 8 ಮತ್ತು 9ರ ನಡುವೆ ಇರಲಿ.

ಒಂದು ಗಂಟೆಯಾಗುವಷ್ಟರಲ್ಲಿ ದ್ರಾವಣ ಗಂಜಿಯ ಹದಕ್ಕೆ ಬಂದು, ಸೌಟನ್ನು ಎತ್ತಿದರೆ ಎಳೆಯಾಗಿ ಇಳಿಯುತ್ತದೆ. ಸೋಸುವ ಕೆಲಸ ಈಗ ತಡವಿಲ್ಲದೆ ಆಗಬೇಕು. ಬಟ್ಟೆ, ಜರಡಿ, ಕೆಳಗಿನ ಪಾತ್ರೆ ಎಲ್ಲವನ್ನೂ ಕುದಿನೀರಿನಲ್ಲಿ ಬಿಸಿ ಮಾಡಿಟ್ಟುಕೊಂಡಿರಿ. ತಣ್ಣಗಿನ ಬಟ್ಟೆಗೆ ಸುರಿದರೆ ಅಂಚುಗಳಲ್ಲಿ ದ್ರಾವಣ ಪೊರೆಯಾಗಿ ಹೆಪ್ಪುಗಟ್ಟಿ, ಆ ಪೊರೆ ನಡುವಿಗೆ ಹಬ್ಬುತ್ತಾ ಬಂದು ಬಟ್ಟೆಯ ರಂಧ್ರಗಳೆಲ್ಲ ಮುಚ್ಚುತ್ತವೆ. ಆಮೇಲೆ ಹಿಂಡಿದಷ್ಟೂ ಕಸವೇ ಕೆಳಗಿಳಿಯುತ್ತದೆ. ಮೊದಲು ಸಡಿಲ ನೇಯ್ಗೆಯ ಬಟ್ಟೆಯಲ್ಲಿ, ನಂತರ ಒತ್ತಾದ ಬಟ್ಟೆಯ ಮೇಲೆ ಪರ್ಲೈಟ್ ಅಥವಾ ಡಯಾಟಮ್ ಮಣ್ಣಿನ ಪುಡಿಯ ತೆಳು ಪದರ ಹರಡಿ, ಎರಡು ಸಲ ಸೋಸಿದರೆ ತಿಳಿ ದ್ರಾವಣ ಸಿಗುತ್ತದೆ. ಇದರಲ್ಲಿ ಕ್ಯಾರಗೀನನ್ ಇರುವುದು ಒಂದು ಶೇಕಡಾದ ಆಸುಪಾಸಿನಲ್ಲಿ ಮಾತ್ರ.

ಹಂತ 4: ನೀರಿನಿಂದ ಬಿಡಿಸುವುದು

ದೊಡ್ಡ ಕಾರ್ಖಾನೆಗಳಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸುರಿದು ಕ್ಯಾರಗೀನನ್ ಅನ್ನು ನಾರಿನಂತೆ ಬೇರ್ಪಡಿಸುತ್ತಾರೆ. ಅದನ್ನು ಮರಳಿ ಬಟ್ಟಿಯಿಳಿಸುವ ವ್ಯವಸ್ಥೆಯಿಲ್ಲದ ಸಣ್ಣ ಘಟಕಕ್ಕೆ ಆ ವಿಧಾನ ದುಬಾರಿಯೂ ಹೌದು, ಬೆಂಕಿಯ ಅಪಾಯವೂ ಹೌದು. ಕಪ್ಪಾ ಮಾದರಿಗೆ ಮಾತ್ರ ಒಪ್ಪುವ ಇನ್ನೊಂದು ದಾರಿಯಿದೆ: ಪೊಟ್ಯಾಸಿಯಂ ಕ್ಲೋರೈಡ್ ನೀರಿನಲ್ಲಿ ಹೆಪ್ಪುಗಟ್ಟಿಸಿ ಹಿಂಡುವುದು.

ಬೇರೊಂದು ದೊಡ್ಡ ಟಬ್ಬಿನಲ್ಲಿ 30 ಲೀಟರ್ ತಣ್ಣೀರಿಗೆ 450 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿ, ಅಂದರೆ 1.5 ಶೇಕಡಾ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಕೆಂಪು ಬಣ್ಣದ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಕೂಡ ಇದೇ ಲವಣವೇ, ಆದರೆ ಅದರ ಕೆಂಪು ಕಬ್ಬಿಣದ ಅಂಶದ್ದು. ಚರ್ಮಕ್ಕೆ ಹಚ್ಚುವ ವಸ್ತುವಿಗೆ ಆಹಾರ ಅಥವಾ ಔಷಧ ದರ್ಜೆಯದ್ದೇ ಬೇಕು. ಬಿಸಿ ದ್ರಾವಣವನ್ನು ಈ ನೀರಿಗೆ ಸಣ್ಣ ಧಾರೆಯಾಗಿ ಬಿಡಿ. ಧಾರೆ ನೀರನ್ನು ಮುಟ್ಟಿದ ಕೂಡಲೇ ಶಾವಿಗೆಯ ಎಳೆಗಳಾಗಿ ಗಟ್ಟಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು, ಎಳೆಗಳನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಹೇರಿ ನೀರಿಳಿಸಿ.

ಅನಂತರ ಆ ಮುದ್ದೆಯನ್ನು ತೆಳುವಾಗಿ ಹರಡಿ, ಮೈನಸ್ 18 ಡಿಗ್ರಿಯಲ್ಲಿ ಒಂದು ದಿನ ಹೆಪ್ಪಾಗಿಸಿ, ಹೊರತೆಗೆದು ಕರಗಲು ಬಿಡಿ. ಹರಳಾದ ಮಂಜು ಜೆಲ್‌ನ ಜಾಲವನ್ನು ಒತ್ತಿ ಹಿಂಡಿರುತ್ತದೆ. ಕರಗುವಾಗ ಬರುವ ನೀರು ತನ್ನೊಂದಿಗೆ ಉಳಿದ ಬಣ್ಣ, ವಾಸನೆ ಮತ್ತು ಹೆಚ್ಚುವರಿ ಲವಣವನ್ನೂ ಒಯ್ಯುತ್ತದೆ. ಹೆಚ್ಚುವರಿ ಪೊಟ್ಯಾಸಿಯಂ ಪುಡಿಯಲ್ಲೇ ಉಳಿದರೆ ಮುಖದ ಜೆಲ್ ಒರಟಾಗಿ, ಹಚ್ಚಿದಾಗ ಚೂರು ಚೂರಾಗುತ್ತದೆ. ಆದ್ದರಿಂದ ಮತ್ತೊಮ್ಮೆ ಗಟ್ಟಿಯಾಗಿ ಹಿಂಡಿ, ಸ್ವಲ್ಪ ತಣ್ಣಗಿನ ಆರ್‌ಒ ನೀರಿನಲ್ಲಿ ಅದ್ದಿ ತೆಗೆದು ಮೂರನೆಯ ಸಲವೂ ಹಿಂಡಿ.

ಹಂತ 5: ಒಣಗಿಸಿ ಪುಡಿ ಮಾಡುವುದು

55ರಿಂದ 60 ಡಿಗ್ರಿಯ ಡ್ರೈಯರ್‌ನಲ್ಲಿ, ಮುರಿದಾಗ ಚಟ್ಟನೆ ಸದ್ದಾಗುವವರೆಗೆ ಒಣಗಿಸಿ. ಬಿಸಿಲಿನಲ್ಲಿ ಒಣಗಿಸಿದರೆ ಧೂಳು ಮತ್ತು ಸೂಕ್ಷ್ಮಾಣುಗಳು ಸೇರುತ್ತವೆ, ಕರಾವಳಿಯ ಮಳೆಗಾಲದಲ್ಲಂತೂ ಅದು ಆಗದ ಮಾತು. ಪುಡಿಯನ್ನು 80ರಿಂದ 100 ಮೆಶ್ ಜರಡಿಯಲ್ಲಿ ಜರಡಿ ಹಿಡಿದು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ. 500 ಗ್ರಾಂ ಒಳ್ಳೆಯ ಕಳೆಯಿಂದ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಪುಡಿ ನಿರೀಕ್ಷಿಸಬಹುದು.

ಹಂತ 6: ಪುಡಿಯ ಪರೀಕ್ಷೆ

ಆಹಾರ ದರ್ಜೆಯ ಕ್ಯಾರಗೀನನ್‌ಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಇಲ್ಲಿಯೂ ಒಳ್ಳೆಯ ಅಳತೆಗೋಲು. ತೇವಾಂಶ 12 ಶೇಕಡಾ ಮೀರಬಾರದು, 1 ಶೇಕಡಾ ಮಿಶ್ರಣದ ಪಿಎಚ್ 8ರಿಂದ 11ರ ನಡುವೆ ಇರಬೇಕು, 1.5 ಶೇಕಡಾ ದ್ರಾವಣದ ಸ್ನಿಗ್ಧತೆ, ಅಂದರೆ ಮಂದತನ, 75 ಡಿಗ್ರಿಯಲ್ಲಿ 5 ಸೆಂಟಿಪಾಯ್ಸ್‌ಗಿಂತ ಕಡಿಮೆ ಇರಬಾರದು. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಪಾದರಸ ಮತ್ತು ಸೂಕ್ಷ್ಮಾಣುಗಳ ಎಣಿಕೆಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿಯೇ ಮಾಡಿಸಬೇಕು.

ನಿಮ್ಮ ಕೈಯಲ್ಲೇ ಮಾಡಬಹುದಾದ, ನನ್ನ ದೃಷ್ಟಿಯಲ್ಲಿ ಹೆಚ್ಚು ಪಾಠ ಕಲಿಸುವ ಪರೀಕ್ಷೆ ಒಂದಿದೆ. ಡಿಸ್ಟಿಲ್ಡ್ ನೀರಿನಲ್ಲಿ 1 ಶೇಕಡಾ ಪುಡಿಯ ಬಿಸಿ ದ್ರಾವಣವನ್ನು ಮೂರು ಬಟ್ಟಲುಗಳಿಗೆ ಹಂಚಿ, ಮೊದಲನೆಯದಕ್ಕೆ ಏನೂ ಹಾಕದೆ, ಎರಡನೆಯದಕ್ಕೆ 0.1 ಶೇಕಡಾ, ಮೂರನೆಯದಕ್ಕೆ 0.2 ಶೇಕಡಾ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ ಮರುದಿನ ನೋಡಿ. ಏನೂ ಹಾಕದ ಬಟ್ಟಲೇ ಗಟ್ಟಿಯಾಗಿ ನಿಂತಿದ್ದರೆ ಪುಡಿಯಲ್ಲಿ ಸಾಕಷ್ಟು ಪೊಟ್ಯಾಸಿಯಂ ಉಳಿದಿದೆ ಎಂದರ್ಥ. ಮೂರನೆಯದರ ಅಂಚಿನಲ್ಲಿ ನೀರು ನಿಂತಿದ್ದರೆ ಆ ಮಟ್ಟ ನಿಮ್ಮ ಜೆಲ್‌ಗೆ ಹೆಚ್ಚಾಯಿತು. ಪ್ರತಿ ಬ್ಯಾಚ್‌ಗೂ ಇದನ್ನು ಮಾಡಬೇಕು, ಏಕೆಂದರೆ ಒಂದು ಬ್ಯಾಚ್‌ನಂತೆ ಇನ್ನೊಂದು ಇರುವುದಿಲ್ಲ.

ಹಂತ 7: ಮುಖದ ಜೆಲ್

ಕಪ್ಪಾ ಕ್ಯಾರಗೀನನ್ ಒಂದನ್ನೇ ಹಾಕಿ ಆರಲು ಬಿಟ್ಟರೆ ಸಿಗುವುದು ತುಂಡಾಗುವ, ದಿನ ಕಳೆದಂತೆ ನೀರು ಬಿಡುವ ಜೆಲ್. ಇದಕ್ಕೆ ಎರಡು ಪರಿಹಾರಗಳನ್ನು ಒಟ್ಟಿಗೆ ಬಳಸುತ್ತೇವೆ. ಒಂದು, ಕ್ಯಾರೊಬ್ ಮರದ ಬೀಜದಿಂದ ತೆಗೆಯುವ ಲೋಕಸ್ಟ್ ಬೀನ್ ಗಮ್ ಎಂಬ ಅಂಟನ್ನು ಸೇರಿಸುವುದು. ಅದು ಜಾಲವನ್ನು ಬಾಗುವಂತೆ ಮಾಡಿ ನೀರನ್ನು ಹಿಡಿದಿಡುತ್ತದೆ. ಇನ್ನೊಂದು, ಹೆಪ್ಪುಗಟ್ಟುವ ಹೊತ್ತಿನಲ್ಲಿ ಬಿಡದೆ ಕಲಕುತ್ತಿರುವುದು. ಹಾಗೆ ಕಲಕಿದರೆ ಒಂದೇ ಗಡ್ಡೆಯಾಗುವ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಜೆಲ್ ಕಣಗಳಾಗಿ, ಚರ್ಮದ ಮೇಲೆ ಕ್ರೀಮಿನಂತೆ ಹರಡುತ್ತದೆ.

100 ಗ್ರಾಂಗೆ ಅಳತೆ ಹೀಗಿದೆ:

ಡಿಸ್ಟಿಲ್ಡ್ ನೀರು: 91.1 ಗ್ರಾಂ
ಗ್ಲಿಸರಿನ್: 5 ಗ್ರಾಂ
ನಿಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ): 2 ಗ್ರಾಂ
ಕಪ್ಪಾ ಕ್ಯಾರಗೀನನ್: 0.6 ಗ್ರಾಂ
ಲೋಕಸ್ಟ್ ಬೀನ್ ಗಮ್: 0.2 ಗ್ರಾಂ
ಡೈಸೋಡಿಯಂ ಇಡಿಟಿಎ (ಲೋಹದ ಅಂಶಗಳನ್ನು ಹಿಡಿದಿಡುವ ಲವಣ): 0.1 ಗ್ರಾಂ
ಫಿನಾಕ್ಸಿಎಥನಾಲ್ ಮತ್ತು ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಮಿಶ್ರಣ (ಕೆಡದಂತೆ ಕಾಯುವ ಸಂರಕ್ಷಕ): 1 ಗ್ರಾಂ

ಎರಡು ಪುಡಿಗಳನ್ನು ಮೊದಲು ಗ್ಲಿಸರಿನ್‌ನಲ್ಲಿ ಚೆನ್ನಾಗಿ ಕಲಸಿ. ಒಣ ಪುಡಿಯನ್ನು ನೇರ ನೀರಿಗೆ ಸುರಿದರೆ ಹೊರಗೆ ಜೆಲ್, ಒಳಗೆ ಒಣ ಪುಡಿ ಇರುವ ಗಂಟುಗಳಾಗುತ್ತವೆ. ನೀರಿನಲ್ಲಿ ಇಡಿಟಿಎ ಕರಗಿಸಿ, ಈ ಕಲಸಿದ್ದನ್ನು ಸೇರಿಸಿ, 80ರಿಂದ 85 ಡಿಗ್ರಿಗೆ ಕಾಯಿಸಿ 15 ನಿಮಿಷ ಅದೇ ಬಿಸಿಯಲ್ಲಿ ಕಲಕಿ. ಲೋಕಸ್ಟ್ ಬೀನ್ ಗಮ್ ಪೂರ್ತಿ ಅರಳಲು ಈ ಬಿಸಿ ಬೇಕೇ ಬೇಕು. ಆವಿಯಾಗಿ ಹೋದ ನೀರನ್ನು ತೂಕ ನೋಡಿ ತುಂಬಿಸಿ. 65 ಡಿಗ್ರಿಗೆ ಇಳಿದಾಗ ನಿಯಾಸಿನಮೈಡ್, 60ಕ್ಕೆ ಇಳಿದಾಗ ಫಿನಾಕ್ಸಿಎಥನಾಲ್ ಮಿಶ್ರಣ ಹಾಕಿ. ಸಾಮಾನ್ಯವಾಗಿ ಇಂಥ ಸಂರಕ್ಷಕವನ್ನು 40 ಡಿಗ್ರಿಯ ಕೆಳಗೆ ಹಾಕುವ ರೂಢಿ ಇದೆ. ಇಲ್ಲಿ ಅಷ್ಟು ಕಾದರೆ ಜೆಲ್ ಕಟ್ಟಿಕೊಂಡು ಸಂರಕ್ಷಕ ಎಲ್ಲೆಡೆ ಸಮನಾಗಿ ಬೆರೆಯುವುದಿಲ್ಲ. ಅಲ್ಲಿಂದ 30 ಡಿಗ್ರಿ ಆಗುವವರೆಗೆ ಕಲಕುವುದನ್ನು ನಿಲ್ಲಿಸಬಾರದು. ಹ್ಯಾಂಡ್ ಬ್ಲೆಂಡರ್ ಬಳಸುವುದಾದರೆ ಅದರ ತಲೆ ಸದಾ ಮುಳುಗಿರಲಿ, ಇಲ್ಲವಾದರೆ ಒಳಸೇರಿದ ಗಾಳಿಗುಳ್ಳೆಗಳು ಅಲ್ಲೇ ಸಿಕ್ಕಿಬೀಳುತ್ತವೆ.

ತಣಿದ ಮೇಲೆ, ನೆನಪಿರಲಿ, ತಣಿದ ಮೇಲೆ ಮಾತ್ರ, ನೀರಿನಲ್ಲಿ ತೆಳುವಾಗಿಸಿದ ಲ್ಯಾಕ್ಟಿಕ್ ಆಮ್ಲದ ಹನಿಗಳಿಂದ ಪಿಎಚ್ ಅನ್ನು 5.5ಕ್ಕೆ ತನ್ನಿ. ಆಮ್ಲ ಮತ್ತು ಬಿಸಿ ಒಟ್ಟಿಗೆ ಸೇರಿದರೆ ಕ್ಯಾರಗೀನನ್ ಒಡೆಯುತ್ತದೆ.

ಸಂರಕ್ಷಕವನ್ನು ಬದಲಾಯಿಸುವ ಮುನ್ನ ಒಂದು ವಿಷಯ ತಿಳಿದಿರಬೇಕು. ಮನೆಮಟ್ಟದ ತಯಾರಕರು ಇಷ್ಟಪಡುವ ಪೊಟ್ಯಾಸಿಯಂ ಸಾರ್ಬೇಟ್ ಇಲ್ಲಿ ಸಂರಕ್ಷಕ ಮಾತ್ರವಲ್ಲ, ಅದು ಪೊಟ್ಯಾಸಿಯಂ ಕೂಡ. ಅದನ್ನು ಸೇರಿಸಿದರೆ ಜೆಲ್ ಹೆಚ್ಚು ಗಟ್ಟಿಯಾಗುತ್ತದೆ, ಜೊತೆಗೆ ಅದು ಚೆನ್ನಾಗಿ ಕೆಲಸ ಮಾಡಲು ಪಿಎಚ್ ಇನ್ನೂ ಕೆಳಗಿಳಿಯಬೇಕಾಗುತ್ತದೆ. ಲೋಳೆಸರದ ರಸದಲ್ಲಿಯೂ ಪೊಟ್ಯಾಸಿಯಂ, ಕ್ಯಾಲ್ಸಿಯಂ ಇವೆ. ಇವುಗಳನ್ನು ಬಳಸುವುದಾದರೆ ಕ್ಯಾರಗೀನನ್ ಅನ್ನು 0.4 ಗ್ರಾಂಗೆ ಇಳಿಸಿ ಪ್ರಯೋಗ ಆರಂಭಿಸಿ. ಧನ ವಿದ್ಯುದಂಶವಿರುವ ಬೆನ್ಜಾಲ್ಕೋನಿಯಂ ಕ್ಲೋರೈಡ್ ಅಥವಾ ಪಾಲಿಕ್ವಾಟರ್ನಿಯಂಗಳನ್ನು ಮಾತ್ರ ಹಾಕಲೇಬೇಡಿ. ಋಣ ವಿದ್ಯುದಂಶದ ಕ್ಯಾರಗೀನನ್ ಅವುಗಳೊಂದಿಗೆ ಅಂಟಿಕೊಂಡು ಬಿಳಿ ಚೂರುಗಳಾಗಿ ತಳಕ್ಕಿಳಿಯುತ್ತದೆ.

ಸಿದ್ಧ ಉತ್ಪನ್ನ

ಜೆಲ್ಲನ್ನು ಮೂರು ಭಾಗ ಮಾಡಿ ಒಂದನ್ನು ಫ್ರಿಜ್‌ನಲ್ಲಿ, ಒಂದನ್ನು ಕೋಣೆಯಲ್ಲಿ, ಒಂದನ್ನು 40 ಡಿಗ್ರಿಯಲ್ಲಿ ಮೂರು ತಿಂಗಳು ಇಟ್ಟು, ಮೇಲೆ ನೀರು ನಿಲ್ಲುವುದು, ಬಣ್ಣ, ವಾಸನೆ, ಪಿಎಚ್ ಇವುಗಳನ್ನು ವಾರ ವಾರ ಬರೆದಿಡಿ. ಸಂರಕ್ಷಕ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ. ಬೇಕೆಂದೇ ಸೂಕ್ಷ್ಮಾಣುಗಳನ್ನು ಸೇರಿಸಿ ಅವು ಸಾಯುತ್ತವೆಯೇ ಎಂದು ನೋಡುವ ಚಾಲೆಂಜ್ ಟೆಸ್ಟ್ ಅನ್ನು ಪ್ರಯೋಗಾಲಯದಲ್ಲಿ ಮಾಡಿಸಬೇಕು. ಕಡಲಕಳೆಯ ಅಂಟುಗಳು ಸಕ್ಕರೆಯ ಸರಪಳಿಗಳೇ ಆದ್ದರಿಂದ ಬ್ಯಾಕ್ಟೀರಿಯಾಗಳಿಗೂ ಬೂಸ್ಟಿಗೂ ಅವು ಆಹಾರ. ಈ ಖರ್ಚನ್ನು ಉಳಿಸುವವರು ಮಾರಾಟಕ್ಕೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾರುವುದಾದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ 2020ರ ಕಾಂತಿವರ್ಧಕ ನಿಯಮಗಳ ಅಡಿ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ತಯಾರಿಕಾ ಪರವಾನಗಿ ಪಡೆಯಬೇಕು. ಮನೆಯ ಅಡುಗೆಮನೆಗೆ ಅದು ಸಿಗುವುದಿಲ್ಲ. ಸ್ವಂತ ಘಟಕ ಕಟ್ಟುವ ಮೊದಲು ಪರವಾನಗಿ ಇರುವ ಘಟಕವೊಂದರಲ್ಲಿ ನಿಮ್ಮ ಸೂತ್ರದಂತೆ ಮಾಡಿಸಿಕೊಳ್ಳುವುದು ಹಲವರು ಹಿಡಿಯುವ ದಾರಿ. ಹಾಗೆ ಮಾಡಿಸುವಾಗ ಸೂತ್ರದ ಜೊತೆಗೆ ಪುಡಿಯ ಮೂರು ಬಟ್ಟಲಿನ ಪರೀಕ್ಷೆಯ ಫಲಿತಾಂಶ, ಕಲಕಬೇಕಾದ ಉಷ್ಣಾಂಶದ ಮಿತಿ ಮತ್ತು ಆಮ್ಲ ಸೇರಿಸುವ ಹೊತ್ತು ಇವುಗಳನ್ನೂ ಲಿಖಿತವಾಗಿ ಕೊಡಿ. ಅಲ್ಲಿಯ ಕೆಲಸಗಾರರಿಗೆ ಕಾರ್ಬೊಮರ್ ಅಥವಾ ಜಾಂಥನ್ ಎಂಬ ಬೇರೆ ಗಟ್ಟಿಕಾರಕಗಳ ಜೆಲ್‌ನ ಅಭ್ಯಾಸವಿರುತ್ತದೆ, ಅವು ಆರುವಾಗ ಕಲಕುವುದನ್ನು ನಿಲ್ಲಿಸಿದರೂ ಏನೂ ಆಗುವುದಿಲ್ಲ.